ಪಿಕಪ್ ಗಾಡಿಗೆ ದೊಡ್ಡ ಟೈರು ಹಾಕಿಸಿದ ಮೇಲೆ ಕ್ರೌನ್-ಪಿನಿಯನ್ ಬದಲಿಸಲೇಬೇಕೆ?

ಪ್ರಶ್ನೆ: ಅಥಣಿ-ಚಿಂಚವಡ

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಅಥಣಿ ಕಡೆಯವನು. ಹನ್ನೊಂದು ವರ್ಷಗಳಿಂದ ಚಿಂಚವಡದಲ್ಲಿ ಮನೆ, ಚಾಕಣದಲ್ಲಿ ಉದ್ಯೋಗ. ನನ್ನ ಬಳಿ 2017ರ ಡಬಲ್ ಕ್ಯಾಬ್ ಪಿಕಪ್ ಇದೆ. ಎರಡೂವರೆ ಲೀಟರಿನ ಟರ್ಬೊ ಡೀಸೆಲ್ ಎಂಜಿನ್, ಐದು ಗೇರುಗಳ ಮ್ಯಾನುಯಲ್ ಪೆಟ್ಟಿಗೆ, ಬೇಕೆಂದಾಗ ಮಾತ್ರ ತೊಡಗಿಸುವ ಫೋರ್ ಬೈ ಫೋರ್ (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ). ಕಂಪನಿಯ ಹೆಸರನ್ನು ಬೇಕೆಂತಲೇ ಬರೆದಿಲ್ಲ, ಏಕೆಂದರೆ ನನ್ನ ದೂರು ಗಾಡಿಯ ಮೇಲಲ್ಲ, ಅದಕ್ಕೆ ನಾನೇ ಮಾಡಿಸಿದ ಕೆಲಸದ ಮೇಲೆ.

ಗಾಡಿಯ ಜೊತೆಗೆ ಬಂದಿದ್ದ ಟೈರುಗಳು 245/70 ಆರ್16 ಅಳತೆಯವು. ಅವು ಸವೆದುಹೋದವೆಂದು ಕಳೆದ ದೀಪಾವಳಿಯ ಹೊತ್ತಿಗೆ 265/75 ಆರ್16 ಅಳತೆಯ ಆಲ್ ಟೆರೇನ್ ಟೈರುಗಳನ್ನು ಹಾಕಿಸಿದೆ. ಮಳೆಗಾಲದಲ್ಲಿ ಮುಳಶಿಯ ಆಚೆ ತಿರುಗಾಡುವ ಹುಚ್ಚು ನನಗಿದೆ; ಊರಿನ ಹೊಲದ ದಾರಿಯೂ ಎರೆಮಣ್ಣಿನದು, ಒಂದು ಮಳೆ ಬಿದ್ದರೆ ಸಾಕು, ಹಳೆಯ ಟೈರುಗಳು ಮಣ್ಣು ಮೆತ್ತಿಕೊಂಡು ಲಾಡುವಿನಂತಾಗುತ್ತಿದ್ದವು. ಹೊಸ ಟೈರುಗಳು ಆ ಮಟ್ಟಿಗೆ ಬಹಳ ಚೆನ್ನಾಗಿವೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಎಡಗಡೆಯ ಮಡ್‌ಫ್ಲ್ಯಾಪಿಗೆ ತುಸು ತಾಗುತ್ತಿತ್ತು, ಅದನ್ನು ಕತ್ತರಿಸಿ ಸರಿಪಡಿಸಿದೆ.

ನಿಜವಾದ ತೊಂದರೆ ಗೊತ್ತಾದದ್ದು ಖಂಬಾಟಕಿ ಘಾಟಿನಲ್ಲಿ. ವರ್ಷಕ್ಕೆ ಏಳೆಂಟು ಸಲ ಸಾತಾರಾ, ಕರಾಡ, ಮಿರಜ ಮಾರ್ಗವಾಗಿ ಊರಿಗೆ ಹೋಗುತ್ತೇನೆ. ಹೋಗುವಾಗ ಹನಿ ನೀರಾವರಿಯ ಪೈಪು, ಪಂಪು, ಒಮ್ಮೊಮ್ಮೆ ಸಿಮೆಂಟು ಸೇರಿ ಏಳೆಂಟು ನೂರು ಕಿಲೊ ಭಾರ ಹಿಂದಿರುತ್ತದೆ. ಮೊದಲು ಮೂರನೆಯ ಗೇರಿನಲ್ಲಿ ನಲವತ್ತೈದರ ವೇಗದಲ್ಲಿ ಆರಾಮಾಗಿ ಏರುತ್ತಿದ್ದ ಗಾಡಿ ಈಗ ಅದೇ ಗೇರಿನಲ್ಲಿ ಏದುಸಿರು ಬಿಡುತ್ತದೆ, ಎರಡನೆಯದಕ್ಕೆ ಇಳಿಸಿದರೆ ಕಿರುಚುತ್ತದೆ. ಬಯಲು ಹೆದ್ದಾರಿಯಲ್ಲಿಯೂ ಎಂಬತ್ತರ ಕೆಳಗೆ ಐದನೆಯ ಗೇರು ಹಿಡಿಯುವುದಿಲ್ಲ. ಮೈಲೇಜು ಲೀಟರಿಗೆ 12.5ರಿಂದ 11.4ಕ್ಕೆ ಇಳಿದಿದೆ.

ಇಲ್ಲಿಯ ಒಂದು ಗ್ಯಾರೇಜಿನವರು ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿ, ಮುಂದಿನ ಮತ್ತು ಹಿಂದಿನ ಎರಡೂ ಡಿಫರೆನ್ಶಿಯಲ್‌ಗಳ ಕ್ರೌನ್-ಪಿನಿಯನ್ (ಎಕ್ಸಲ್ಲಿನ ನಡುವೆ ಕುಳಿತು ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಶಿಯಲ್ಲಿನಲ್ಲಿ ಒಂದನ್ನೊಂದು ಕಚ್ಚುವ ದೊಡ್ಡ ಮತ್ತು ಸಣ್ಣ ಹಲ್ಲುಚಕ್ರಗಳ ಜೋಡಿ) ಬದಲಿಸಿದರೆ ಗಾಡಿ ಮೊದಲಿನಂತಾಗುತ್ತದೆ ಎಂದು ಹೇಳಿ, ಕೂಲಿಯೂ ಸೇರಿ ಒಂದು ಲಕ್ಷ ಅರವತ್ತು ಸಾವಿರ ಕೇಳಿದ್ದಾರೆ. ಟೈರಿಗಿಂತ ಅದರ ಮದ್ದಿಗೇ ಹೆಚ್ಚು ಖರ್ಚು. ಇದು ನಿಜಕ್ಕೂ ಅಗತ್ಯವೆ, ಅಥವಾ ಚಾಲನೆಯ ರೀತಿಯನ್ನು ಬದಲಿಸಿಕೊಂಡರೆ ಸಾಕೆ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಖಾರ್ಘರ್ ಲೆಕ್ಕಿಗ

ಒಂದೂವರೆ ಲಕ್ಷದ ಮಾತಿಗೆ ಬರುವ ಮೊದಲು ತಮ್ಮ ಮೈಲೇಜಿನ ಲೆಕ್ಕವನ್ನು ತಿದ್ದಬೇಕಾಗಿದೆ, ಏಕೆಂದರೆ ಅದು ತಪ್ಪಾಗಿದೆ.

245/70 ಆರ್16 ಟೈರಿನ ವ್ಯಾಸ ಲೆಕ್ಕದ ಪ್ರಕಾರ 749.4 ಮಿಲಿಮೀಟರು: ಅಗಲದ ಶೇಕಡ 70 ಎಂದರೆ 171.5, ಅದರ ಎರಡರಷ್ಟಕ್ಕೆ 16 ಅಂಗುಲದ ರಿಮ್ಮಿನ 406.4 ಕೂಡಿಸಬೇಕು. ಅದೇ ರೀತಿಯಲ್ಲಿ 265/75 ಆರ್16ರ ವ್ಯಾಸ 803.9 ಮಿಲಿಮೀಟರು. ವ್ಯತ್ಯಾಸ ಶೇಕಡ 7.3ರಷ್ಟು. ಗಾಡಿಯ ಮೀಟರಿಗೆ ಟೈರು ಬದಲಾದದ್ದು ತಿಳಿಯದು. ಅದು ಸುತ್ತುಗಳನ್ನು ಮಾತ್ರ ಎಣಿಸುತ್ತದೆ. ಆದ್ದರಿಂದ ಮೀಟರು 500 ಕಿಲೋಮೀಟರು ತೋರಿಸಿದಾಗ ತಾವು ನಿಜವಾಗಿ 536 ಕಿಲೋಮೀಟರು ಓಡಿರುತ್ತೀರಿ. ತಮ್ಮ 11.4ನ್ನು ಇದರಂತೆ ತಿದ್ದಿದರೆ 12.2 ಬರುತ್ತದೆ. ಎಂದರೆ ಲೀಟರಿಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ಕಳೆದುಕೊಂಡೆವೆಂದು ತಾವು ಕೊರಗುತ್ತಿರುವಾಗ ನಿಜವಾಗಿ ಕಳೆದದ್ದು ಮುನ್ನೂರು ಮೀಟರಿಗೂ ಕಡಿಮೆ, ಮತ್ತು ಅದಕ್ಕೆ ಆ ದಪ್ಪ ಟೈರುಗಳ ತೂಕವೇ ಸಾಕಷ್ಟು ಕಾರಣ. ಗೇರು ಬದಲಿಸಿದರೆ ಆ ಡೀಸೆಲ್ ಮರಳಿ ಬರುತ್ತದೆಂಬ ಆಸೆಯಲ್ಲಿ ದಯವಿಟ್ಟು ಹಣ ಹಾಕಬೇಡಿ.

ವೇಗದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕಂಪನಿಯವರು ಮೀಟರನ್ನು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚು ತೋರುವಂತೆಯೇ ಇಟ್ಟಿರುತ್ತಾರೆ. ದೊಡ್ಡ ಟೈರು ಆ ಅಂತರವನ್ನು ನುಂಗಿಬಿಡುತ್ತದೆ. ಲೆಕ್ಕದ ಪ್ರಕಾರ ಮೊದಲು 80 ಆಗಿದ್ದದ್ದು ಈಗ 86ರ ಹತ್ತಿರ. ಹೆದ್ದಾರಿಯ ಕ್ಯಾಮೆರಾಕ್ಕೆ ನಮ್ಮ ಮೀಟರು ಏನು ತೋರಿಸಿತ್ತೆಂಬುದು ಬೇಕಿಲ್ಲ. ಮೊಬೈಲಿನ ಜಿಪಿಎಸ್ ವೇಗವನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಹೋಲಿಸಿ ನೋಡಿಕೊಳ್ಳಿ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿದೆ. ಟೈರಿನ ಅಳತೆಯೊಂದಕ್ಕೇ ದಾರಿಯಲ್ಲಿ ಯಾರಾದರೂ ತಡೆದು ನಿಲ್ಲಿಸುವುದು ಅಪರೂಪ. ಆದರೆ ಅಪಘಾತದ ನಂತರ ವಿಮೆಯ ಸರ್ವೇಯರ್ ಬಂದು ಟೈರಿನ ಗೋಡೆಯ ಮೇಲಿನ ಅಂಕಿಯನ್ನು ಬರೆದುಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದುದರಿಂದ ನನ್ನ ಸಲಹೆ ಸರಳ: ಈ ಟೈರುಗಳನ್ನು ಮಾರಿ 265/70 ಆರ್16ಕ್ಕೆ ಇಳಿಯಿರಿ. ಅದರ ವ್ಯಾಸ 777.4 ಮಿಲಿಮೀಟರು, ಮೂಲಕ್ಕಿಂತ ಶೇಕಡ 3.7 ಮಾತ್ರ ಹೆಚ್ಚು. ಗೇರಿನ ತಂಟೆಗೆ ಹೋಗುವ ಅಗತ್ಯವೇ ಇರುವುದಿಲ್ಲ.

ಉತ್ತರ: ಭೋಸರಿ ಮಿಸ್ತ್ರಿ

ಲೆಕ್ಕಿಗರ ಲೆಕ್ಕ ಸರಿಯಾಗಿದೆ, ಆದರೆ ಕೇಳಿದವರ ನೋವಿಗೆ ಅದು ಉತ್ತರವಲ್ಲ. ಅವರು ಹೇಳುತ್ತಿರುವುದು ಘಾಟಿನಲ್ಲಿ ಎಳೆತ ಹೋಯಿತೆಂದು. ಆ ದೂರು ನಿಜವಾದದ್ದು. ನಾನು ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ, ಅದರಲ್ಲಿ ಹೆಚ್ಚಿನ ಕಾಲ ಡಿಫರೆನ್ಶಿಯಲ್ ಬಿಚ್ಚುವುದರಲ್ಲಿಯೇ ಕಳೆದಿದೆ. ಶೇಕಡ ಏಳು ಹೋದರೆ ಏನು ಮಹಾ ಎಂದು ಬಹಳ ಮಂದಿ ಕೇಳುತ್ತಾರೆ. ಏಳರಷ್ಟೇ ಹೋಗಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಟರ್ಬೊ ಎಂಜಿನ್ನಿನಲ್ಲಿ ಅದು ಏಳರಲ್ಲಿ ನಿಲ್ಲುವುದಿಲ್ಲ.

ಹೇಗೆಂದು ಬಿಡಿಸಿ ಹೇಳುತ್ತೇನೆ. ತಮ್ಮ ಗಾಡಿಯ ನಿಖರವಾದ ಅಂಕಿಗಳು ಕೈಪಿಡಿಯಲ್ಲಿರುತ್ತವೆ. ಸದ್ಯ ಲೆಕ್ಕಕ್ಕಾಗಿ ಡಿಫರೆನ್ಶಿಯಲ್ಲಿನ ಅನುಪಾತ 4.10 (ಚಕ್ರ ಒಂದು ಸುತ್ತು ಸುತ್ತಲು ಅದಕ್ಕೆ ಬರುವ ಶಾಫ್ಟು 4.10 ಸುತ್ತು ಸುತ್ತಬೇಕು), ಮೂರನೆಯ ಗೇರಿನದು 1.40 ಎಂದುಕೊಳ್ಳೋಣ. ಗಂಟೆಗೆ 45 ಕಿಲೋಮೀಟರು ವೇಗದಲ್ಲಿ ಹಳೆಯ ಟೈರು ನಿಮಿಷಕ್ಕೆ ಸುಮಾರು 319 ಸುತ್ತು ಸುತ್ತುತ್ತದೆ, ಆಗ ಎಂಜಿನ್ 1830 ಆರ್‌ಪಿಎಂ ಹತ್ತಿರ ಇರುತ್ತದೆ. ಹೊಸ ಟೈರು ಅದೇ ವೇಗಕ್ಕೆ 297 ಸುತ್ತು ಸುತ್ತಿದರೆ ಸಾಕು, ಎಂಜಿನ್ 1705ಕ್ಕೆ ಇಳಿಯುತ್ತದೆ. ಇಂಥ ಡೀಸೆಲ್ ಎಂಜಿನ್ನುಗಳಲ್ಲಿ ಪೂರ್ತಿ ಎಳೆತ ಸಿಗುವುದು ಸುಮಾರು 1800ರ ಮೇಲೆ. ಅಂದರೆ ಮೊದಲು ತಾವು ಹೊಸ್ತಿಲಿನ ಒಳಗೆ ನಿಂತಿದ್ದಿರಿ, ಈಗ ಹೊರಗೆ ನಿಂತಿದ್ದೀರಿ. ಟರ್ಬೊ ಗಾಳಿ ತುಂಬುವುದಿಲ್ಲ, ಎಂಜಿನ್ ನೂಕುವುದಿಲ್ಲ, ಅದರ ಮೇಲೆ ಎತ್ತರದ ಚಕ್ರದ ಕಾರಣದಿಂದ ರಸ್ತೆಗೆ ತಲುಪುವ ಬಲದಲ್ಲಿ ಆ ಏಳು ಬೇರೆ ಕಡಿಮೆ. ಗಾಡಿ ನಿಧಾನವಾದಷ್ಟೂ ಆರ್‌ಪಿಎಂ ಇನ್ನೂ ಇಳಿದು ಎಳೆತ ಇನ್ನೂ ಕುಸಿಯುತ್ತದೆ. ಖಂಬಾಟಕಿಯಲ್ಲಿ ಮುಂದೆ ಸಕ್ಕರೆ ಕಾರ್ಖಾನೆಗೆ ಹೋಗುವ ಒಂದು ಟ್ರ್ಯಾಕ್ಟರು ಸಿಕ್ಕಿದರೆ ಸಾಕು, ಮೂರನೆಯ ಗೇರು ಮುಗಿಯಿತು.

ಕ್ರೌನ್-ಪಿನಿಯನ್ ಬದಲಿಸುವುದೆಂದರೆ ಆ ಹೊಸ್ತಿಲನ್ನು ಮತ್ತೆ ದಾಟುವುದು. ಇದರಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ಇದನ್ನು ತಿರುವುಮುರುವಾಗಿ ತಿಳಿದುಕೊಂಡು ತಪ್ಪು ಸೆಟ್ ತರಿಸಿದವರಿದ್ದಾರೆ. 4.10 ಅನ್ನು ಹೊಸ ಟೈರಿನ ಲೆಕ್ಕಕ್ಕೆ ಏರಿಸಿದರೆ 4.40 ಬೇಕಾಗುತ್ತದೆ. ಆದರೆ ಹಲ್ಲುಗಳನ್ನು ನಮಗೆ ಬೇಕಾದ ಹಾಗೆ ಕತ್ತರಿಸಿಕೊಡುವವರಿಲ್ಲ, ಸಿಕ್ಕುವ ಸೆಟ್ಟುಗಳಲ್ಲಿಯೇ ಆರಿಸಬೇಕು. ಕ್ರೌನಿಗೆ 43, ಪಿನಿಯನ್ನಿಗೆ 10 ಹಲ್ಲಿನ ಸೆಟ್ ಇದ್ದರೆ 4.30, ಕ್ರೌನಿಗೆ 41, ಪಿನಿಯನ್ನಿಗೆ 9 ಆದರೆ 4.56. ಭಾರ ಹೊರುವ ಗಾಡಿಗಾದರೂ ನಾನು 4.30 ಅನ್ನೇ ಹಾಕುತ್ತೇನೆ. 4.56 ಹಾಕಿದರೆ ನೂರರ ವೇಗದಲ್ಲಿ ಎಂಜಿನ್ ಮೂಲಕ್ಕಿಂತಲೂ ಹೆಚ್ಚು ಸುತ್ತುತ್ತದೆ; ಮೇಲಾಗಿ ಹಲ್ಲು ಕಡಿಮೆಯಾದ ಪಿನಿಯನ್ ಗಾತ್ರದಲ್ಲಿ ಸಣ್ಣದು, ಬಲವೂ ಅಷ್ಟಕ್ಕಷ್ಟೆ.

ಇನ್ನು ಅಗತ್ಯವೇ ಎಂಬ ಪ್ರಶ್ನೆ. ದಿನನಿತ್ಯ ಒಂದು ಟನ್ ಹೊತ್ತು ಘಾಟು ಹತ್ತುವ ಗಾಡಿಯಾಗಿದ್ದರೆ ನಾನು ಹೌದು ಎನ್ನುತ್ತಿದ್ದೆ, ಏಕೆಂದರೆ ಅಲ್ಲಿ ಉಳಿಸಬೇಕಾದದ್ದು ಡೀಸೆಲ್ಲನ್ನಲ್ಲ, ಕ್ಲಚ್ಚನ್ನು. ಎಳೆತ ಸಾಲದಾದಾಗ ಚಾಲಕನ ಎಡಗಾಲು ತಾನಾಗಿ ಪೆಡಲಿನ ಮೇಲೆ ಹೋಗುತ್ತದೆ, ಅರ್ಧ ಕ್ಲಚ್ಚಿನಲ್ಲಿ ಗಾಡಿ ಏರುತ್ತದೆ, ಪ್ಲೇಟು ಸುಡುತ್ತದೆ. ವರ್ಷಕ್ಕೆ ಏಳೆಂಟು ಸಲ ಮಾತ್ರ ಎಂದು ತಾವು ಬರೆದಿದ್ದೀರಿ. ಹಾಗಾದರೆ ಮೊದಲು ಅಳೆಯಿರಿ, ಆಮೇಲೆ ಮಾತಾಡೋಣ.

ಅಳೆಯುವುದು ಮನೆಯಲ್ಲಿಯೇ ಆಗುವ ಕೆಲಸ. ಸಮತಟ್ಟಾದ ಜಾಗದಲ್ಲಿ ಟೈರಿನ ಮೇಲೊಂದು, ನೆಲದ ಮೇಲೊಂದು ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ಸರಿಯಾಗಿ ಹತ್ತು ಸುತ್ತು ಮುಂದಕ್ಕೆ ನೂಕಿ, ಟೇಪು ಹಿಡಿಯಿರಿ. ಕಾಗದದ ಮೇಲಿನ ವ್ಯಾಸಕ್ಕೂ ಭಾರ ಹೊತ್ತು ನೆಲಕ್ಕೆ ಒತ್ತಿಕೊಂಡ ಟೈರಿಗೂ ವ್ಯತ್ಯಾಸವಿರುತ್ತದೆ. ಡಿಫರೆನ್ಶಿಯಲ್ಲಿನ ಅನುಪಾತಕ್ಕೆ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿಯಾದ ಒರಗುಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಆನಂತರವೇ ಹ್ಯಾಂಡ್‌ಬ್ರೇಕು ಬಿಡಬೇಕು. ಬರೀ ಜ್ಯಾಕಿನ ಮೇಲೆ ನಿಲ್ಲಿಸಿ ಕೆಳಗೆ ತೂರಬೇಡಿ. ಇಬ್ಬರು ಎರಡು ಚಕ್ರಗಳನ್ನು ಒಟ್ಟಿಗೆ ಹತ್ತು ಸುತ್ತು ತಿರುಗಿಸುವಾಗ ಮೂರನೆಯವರು ಪ್ರೊಪೆಲ್ಲರ್ ಶಾಫ್ಟಿನ (ಗೇರು ಪೆಟ್ಟಿಗೆಯ ಕಡೆಯಿಂದ ಹಿಂದಿನ ಎಕ್ಸಲ್ಲಿಗೆ ಬರುವ ಉದ್ದ ದಂಡದ) ಸುತ್ತು ಎಣಿಸಲಿ. ಒಂದೇ ಚಕ್ರ ಎತ್ತಿ ತಿರುಗಿಸಿದರೆ ಅರ್ಧ ಲೆಕ್ಕ ಬರುತ್ತದೆ. ಹಾಗೆ ಎಣಿಸಿ 2.05 ಎಂದು ಬರೆದುಕೊಂಡು ನನ್ನ ಬಳಿ ಬಂದವರಿದ್ದಾರೆ.

ಉತ್ತರ: ಫೋಂಡಾ-ಖಾನಾಪುರ

ನಾನು ಈ ಕೆಲಸವನ್ನು ಮಾಡಿಸಿದವನು, ಅದೂ ಎರಡು ಸಲ. ಎರಡನೆಯ ಸಲ ಏಕೆ ಮಾಡಿಸಬೇಕಾಯಿತೆಂಬುದು ತಮಗೆ ಉಪಯೋಗವಾದೀತು.

ನನ್ನ ಊರು ಖಾನಾಪುರದ ಹತ್ತಿರ, ಬದುಕು ಫೋಂಡಾದಲ್ಲಿ. ಹಳೆಯ ಪಿಕಪ್ಪಿಗೆ 245/70ರ ಜಾಗದಲ್ಲಿ 285/75 ಆರ್16 ಹಾಕಿಸಿದ್ದೆ, ವ್ಯಾಸದಲ್ಲಿ ಶೇಕಡ ಹನ್ನೊಂದು ಹೆಚ್ಚು. ಮೊಲ್ಲೆಮಿನಿಂದ ಅನಮೋಡದ ಘಾಟನ್ನು ಹತ್ತುವಾಗ ಗಾಡಿ ಎತ್ತಿನ ಬಂಡಿಯಾಗುತ್ತಿತ್ತು. ಆದುದರಿಂದ 3.73 ತೆಗೆಸಿ 4.10 ಹಾಕಿಸಿದೆ. ಅಲ್ಲಿಯವರೆಗೆ ನಿರ್ಧಾರ ತಪ್ಪಾಗಿರಲಿಲ್ಲ, ಮೊದಲ ದಿನವೇ ವ್ಯತ್ಯಾಸ ಕಂಡಿತು.

ತಪ್ಪು ಬೇರೆಡೆ ಇತ್ತು. ಹಿಂದಿನ ಸೆಟ್ಟು ಮೊದಲು ಬಂತು, ಮುಂದಿನದು ಮೂರು ವಾರ ತಡ. ನಾನು ಕಾಯಲಾರದೆ ಹಿಂದಿನದನ್ನು ಹಾಕಿಸಿಬಿಟ್ಟೆ. ಮುಂದಿನದು ಬರುವ ತನಕ ಫೋರ್ ಬೈ ಫೋರಿನ ಲಿವರನ್ನು ಮುಟ್ಟಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ, ಭಾವನಿಗೆ ಹೇಳುವುದು ಮರೆತಿತ್ತು. ಅವರು ಅಡಿಕೆ ತೋಟದ ಕೆಸರಿನಲ್ಲಿ ಲಿವರು ಎಳೆದರು. ಕೆಸರಿನಲ್ಲಿ ಚಕ್ರ ಜಾರುವುದರಿಂದ ಏನೂ ಆಗಲಿಲ್ಲ. ಹಾಗೆಯೇ ಡಾಂಬರಿಗೆ ಹತ್ತಿದರು. ಮುಂದಿನ ಮತ್ತು ಹಿಂದಿನ ಎಕ್ಸಲ್ಲುಗಳು ಬೇರೆ ಬೇರೆ ಲೆಕ್ಕದಲ್ಲಿ ಸುತ್ತಲು ಹೊರಟಾಗ ಮಧ್ಯದಲ್ಲಿ ಸಿಕ್ಕಿದ ಶಾಫ್ಟುಗಳು ಹಿಂಡಿದ ಬಟ್ಟೆಯಂತಾದವು. ಗಾಡಿ ಕುಪ್ಪಳಿಸಿ ನಿಂತಿತು, ಲಿವರು ಹಿಂದಕ್ಕೆ ಬರಲೇ ಇಲ್ಲ. ಒಂದು ಚಕ್ರವನ್ನು ಜ್ಯಾಕಿನಿಂದ ಎತ್ತಿದಾಗ ಅದು ತಾನಾಗಿ ಗಿರ್ರನೆ ಸುತ್ತಿ ಬಿಗುವು ಇಳಿಯಿತು. ಟ್ರಾನ್ಸ್‌ಫರ್ ಕೇಸು (ಬಲವನ್ನು ಮುಂದಿನ ಮತ್ತು ಹಿಂದಿನ ಎಕ್ಸಲ್ಲುಗಳಿಗೆ ಕಳುಹಿಸುವ ಪೆಟ್ಟಿಗೆ) ಉಳಿದದ್ದು ಪುಣ್ಯ. ಭಾವನವರು ಈಗಲೂ ಆ ಗಾಡಿಯನ್ನು ಮುಟ್ಟುವುದಿಲ್ಲ.

ಅದಾದ ಮೇಲೆ ಮೂರು ಸಾವಿರ ಕಿಲೋಮೀಟರಿನ ಹೊತ್ತಿಗೆ ಹಿಂದಿನಿಂದ ಸಣ್ಣ ಶಿಳ್ಳೆ ಶುರುವಾಯಿತು. ಅರವತ್ತರ ವೇಗದಲ್ಲಿ ಕಾಲು ತೆಗೆದಾಗ ಮಾತ್ರ ಕೇಳುತ್ತಿತ್ತು, ತುಳಿದರೆ ನಿಲ್ಲುತ್ತಿತ್ತು. ಕೂಡಿಸಿದವರು 'ಹೊಸ ಹಲ್ಲು, ಹೊಂದಿಕೊಳ್ಳುತ್ತದೆ' ಎಂದರು. ಹೊಂದಿಕೊಳ್ಳಲಿಲ್ಲ. ಐದು ಸಾವಿರಕ್ಕೆ ಅದು ಯಾವಾಗಲೂ ಕೇಳುವ ಗೋಳಾಯಿತು. ಬಿಚ್ಚಿಸಿದಾಗ ಹಲ್ಲಿನ ಅಂಚು ಮಾತ್ರ ಸವೆದಿತ್ತು, ಎಣ್ಣೆಯಲ್ಲಿ ಬೆಳ್ಳಿಯ ಪುಡಿಯಂತೆ ಲೋಹ ತೇಲುತ್ತಿತ್ತು. ಮತ್ತೊಂದು ಸೆಟ್ಟು, ಮತ್ತೊಮ್ಮೆ ಕೂಲಿ. ಆದ್ದರಿಂದ ತಮ್ಮ ಗ್ಯಾರೇಜಿನವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಡಯಲ್ ಗೇಜು (ಹಲ್ಲುಗಳ ನಡುವಿನ ಸೂಕ್ಷ್ಮ ಅಂತರವನ್ನು ಅಳೆಯುವ ಉಪಕರಣ) ಇದೆಯೇ, ಇದ್ದರೆ ತೋರಿಸಿ ಎಂದು ಕೇಳಿ.

ಉತ್ತರ: ಭೋಸರಿ ಮಿಸ್ತ್ರಿ

ಫೋಂಡಾದವರು ಬರೆದ ಲಕ್ಷಣ ನೂರಕ್ಕೆ ನೂರು ಕೂಡಿಸುವಿಕೆಯ ತಪ್ಪು. ಕಾಲು ತೆಗೆದಾಗ ಹಲ್ಲಿನ ಒಂದು ಮುಖ ಕೆಲಸ ಮಾಡುತ್ತದೆ, ತುಳಿದಾಗ ಇನ್ನೊಂದು. ಸದ್ದು ಒಂದರಲ್ಲಿ ಮಾತ್ರ ಬಂದರೆ ಪಿನಿಯನ್ ಇರಬೇಕಾದ ಆಳದಲ್ಲಿ ಇಲ್ಲವೆಂದು ಮೊದಲು ಸಂಶಯಿಸಬೇಕು.

ಈ ಹಲ್ಲುಗಳು ನೇರವಾಗಿ ಕಚ್ಚುವುದಿಲ್ಲ, ಒಂದರ ಮೇಲೊಂದು ಜಾರುತ್ತ ಕಚ್ಚುತ್ತವೆ. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ಕ್ರೌನು ಮತ್ತು ಪಿನಿಯನ್ನನ್ನು ಜೋಡಿಯಾಗಿ ಉಜ್ಜಿ ಒಂದೇ ಗುರುತನ್ನು ಕೆತ್ತಿರುತ್ತಾರೆ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಎಂದಿಗೂ ಸಲ್ಲದು. ಕುರ್ಲಾದ ಹಳೆಯ ಸಾಮಾನಿನ ಅಂಗಡಿಗಳಿಂದ ಬಿಡಿಬಿಡಿಯಾಗಿ ತಂದು ಜೋಡಿಸಿಕೊಡಿ ಎನ್ನುವವರನ್ನು ನಾನು ಬಾಗಿಲಿನಿಂದಲೇ ಕಳುಹಿಸುತ್ತೇನೆ. ಪಿನಿಯನ್ನಿನ ಆಳಕ್ಕೆ ಶಿಮ್ಮು (ತೆಳು ಲೋಹದ ಬಿಲ್ಲೆ), ಬೇರಿಂಗಿನ ಬಿಗುವಿಗೆ ಟಾರ್ಕ್, ಹಲ್ಲುಗಳ ನಡುವಿನ ಆಟಕ್ಕೆ ಡಯಲ್ ಗೇಜು. ಈ ಆಟ ಕೂದಲೆಳೆಯದು, ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರಿನ ಒಳಗೆ. ತಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ. ಕೊನೆಗೆ ಹಲ್ಲಿಗೆ ಬ್ಲೂ (ಕಚ್ಚಿದ ಜಾಗದ ಗುರುತು ತೋರಿಸುವ ಬಣ್ಣ) ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಟ್ಟನಡುವೆ ಬೀಳುವ ತನಕ ಬಿಚ್ಚುವುದು, ಕೂಡಿಸುವುದು. ಒಂದು ಎಕ್ಸಲ್ಲಿಗೆ ಒಂದು ಇಡೀ ದಿನ ಹೋಗುತ್ತದೆ. ಎರಡನ್ನೂ ಸಂಜೆಯೊಳಗೆ ಕೊಡುತ್ತೇವೆ ಎಂದವರ ಮಾತಿಗೆ ಒಪ್ಪಬೇಡಿ. ಕೂಡಿಸಿದ ನಂತರ ಮೊದಲ ಏಳೆಂಟು ನೂರು ಕಿಲೋಮೀಟರು ಭಾರ ಹೇರದೆ ಓಡಿಸಿ, ಎಣ್ಣೆ ಬದಲಿಸಬೇಕು; ಎಣ್ಣೆ ಜಿಎಲ್-5 ದರ್ಜೆಯದೇ ಆಗಿರಲಿ.

ಉತ್ತರ: ಅಥಣಿ-ಚಿಂಚವಡ

ಎಲ್ಲರಿಗೂ ಕೃತಜ್ಞತೆಗಳು. ಮಿಸ್ತ್ರಿ ಕಾಕಾ ಹೇಳಿದಂತೆ ಭಾನುವಾರ ಸೊಸೈಟಿಯ ಪಾರ್ಕಿಂಗಿನಲ್ಲಿ ಅಳೆದೆವು. ಹತ್ತು ಸುತ್ತಿಗೆ ಹೊಸ ಟೈರು 24.4 ಮೀಟರು ಹೋಯಿತು. ಬಳಸದೆ ಉಳಿದಿದ್ದ ಹಳೆಯ ಅಳತೆಯ ಸ್ಟೆಪ್ನಿಯನ್ನು ಅದೇ ಜಾಗಕ್ಕೆ ಹಾಕಿ ನೂಕಿದಾಗ 22.9 ಮೀಟರು ಬಂತು. ಅಂದರೆ ನಿಜವಾದ ವ್ಯತ್ಯಾಸ ಶೇಕಡ ಆರೂವರೆ. ಚಕ್ರಗಳನ್ನು ಹತ್ತು ಸುತ್ತು ತಿರುಗಿಸಿದಾಗ ಶಾಫ್ಟು ನಲವತ್ತೊಂದು ಸುತ್ತಿತು, ಅನುಪಾತ 4.10 ಎಂದೇ ಆಯಿತು. ನಮ್ಮ ಕಾವಲುಗಾರರು ಗಾಡಿ ಕೆಟ್ಟಿದೆಯೆಂದು ತಿಳಿದು ಕೊನೆಯವರೆಗೂ ನೂಕಲು ಸಹಾಯ ಮಾಡಿದರು.

ಎರಡು ಸಂಶಯಗಳಿವೆ. ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿದರೆ (ಡೀಸೆಲ್ ಬಿಡುವ ಲೆಕ್ಕವನ್ನು ಬದಲಿಸಿದರೆ) ಹತ್ತನೆಯ ಒಂದು ಪಾಲು ಖರ್ಚಿನಲ್ಲಿ ಎಳೆತ ಹೆಚ್ಚುತ್ತದೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ, ಇದು ಸರಿಯೆ? ಎರಡನೆಯದು, ಭಾರವಿದ್ದಾಗ ಘಾಟಿನಲ್ಲಿ ಫೋರ್ ಬೈ ಫೋರಿನ ಲೋ ರೇಂಜನ್ನು (ನಿಧಾನದ, ಹೆಚ್ಚು ಎಳೆತದ ಗೇರುಗಳನ್ನು) ಬಳಸಬಹುದೆ?

ಉತ್ತರ: ಭೋಸರಿ ಮಿಸ್ತ್ರಿ

ಲೋ ರೇಂಜು ಒಣ ಡಾಂಬರಿನ ಮೇಲೆ ಬೇಡ. ತಮ್ಮ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಎಕ್ಸಲ್ಲುಗಳ ನಡುವೆ ಡಿಫರೆನ್ಶಿಯಲ್ ಇಲ್ಲ, ತಿರುವಿನಲ್ಲಿ ಫೋಂಡಾದ ಭಾವನವರ ಕಥೆಯೇ ಸಣ್ಣ ಪ್ರಮಾಣದಲ್ಲಿ ಆಗುತ್ತದೆ.

ರೀಮ್ಯಾಪಿನ ಬಗ್ಗೆ ನಾನು ಕಟುವಾಗಿ ಮಾತನಾಡಿದರೆ ಬೇಸರಿಸಬಾರದು. ತಮ್ಮ ತೊಂದರೆ ಇರುವುದು 1800ರ ಕೆಳಗೆ. ಅಲ್ಲಿ ಗಾಳಿಯೇ ಸಾಲದಿರುವಾಗ ಹೆಚ್ಚು ಡೀಸೆಲ್ ಸುರಿದರೆ ಹೊಗೆ ಮತ್ತು ಶಾಖ ಹೆಚ್ಚುತ್ತವೆ. 1800ರ ಮೇಲೆ ಎಳೆತ ಹೆಚ್ಚುವುದೇನೋ ನಿಜ, ಆದರೆ ಅಲ್ಲಿ ತಮಗೆ ಕೊರತೆಯೇ ಇರಲಿಲ್ಲ, ಮತ್ತು ಆ ಹೆಚ್ಚಿನ ಭಾರವನ್ನು ಎಂಟು ವರ್ಷ ಹಳೆಯ ಕ್ಲಚ್ಚು ಹೊರಬೇಕು.

ಇನ್ನು ಕೇಳಿದ ಮೂಲ ಪ್ರಶ್ನೆಗೆ. ತಮ್ಮ ಅಳತೆ ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ವರ್ಷಕ್ಕೆ ಏಳೆಂಟು ಪ್ರಯಾಣಗಳಿಗಾಗಿ ಕಾರ್ಖಾನೆಯವರು ಕೂಡಿಸಿದ ಎರಡು ಒಳ್ಳೆಯ ಡಿಫರೆನ್ಶಿಯಲ್‌ಗಳನ್ನು ಬಿಚ್ಚಬೇಡಿ. ನನಗೆ ಬರಬಹುದಾದ ಕೆಲಸವನ್ನು ನಾನೇ ಬೇಡವೆನ್ನುತ್ತಿದ್ದೇನೆಂದು ಅರ್ಥಮಾಡಿಕೊಳ್ಳಿ. ಘಾಟು ಶುರುವಾಗುವ ಮೊದಲೇ, ಗಾಡಿ ಸೋಲುವ ತನಕ ಕಾಯದೆ, ಎರಡನೆಯ ಗೇರಿಗೆ ಬನ್ನಿ. ಎರಡನೆಯದರ ಅನುಪಾತ 2.30ರ ಸುಮಾರಿಗೆ ಇದ್ದರೆ ನಲವತ್ತರ ವೇಗದಲ್ಲಿ ಎಂಜಿನ್ 2500ರ ಹತ್ತಿರ ಇರುತ್ತದೆ. ಅದನ್ನು ತಾವು ಕಿರುಚಾಟ ಎಂದು ಬರೆದಿದ್ದೀರಿ. ಡೀಸೆಲ್ ಎಂಜಿನ್ನಿಗೆ ಅದು ಹಿತವಾದ ಜಾಗ, 1500ರಲ್ಲಿ ತುಳಿದು ಗುದ್ದಿಸುವುದೇ ಅದಕ್ಕೆ ಹಿಂಸೆ. ಹೆದ್ದಾರಿಯಲ್ಲಿ ಎಂಬತ್ತರವರೆಗೆ ನಾಲ್ಕನೆಯ ಗೇರಿನಲ್ಲಿಯೇ ಇರಲಿ.

ಏರುವುದರ ಬಗ್ಗೆಯೇ ಎಲ್ಲರೂ ಮಾತನಾಡಿದೆವು, ಇಳಿಯುವುದನ್ನು ಮರೆತೆವು. ದೊಡ್ಡ ಚಕ್ರ ಬ್ರೇಕಿನ ಹಿಡಿತವನ್ನೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತದೆ, ಎಂಜಿನ್ನಿನ ತಡೆಯನ್ನೂ ಕಡಿಮೆ ಮಾಡುತ್ತದೆ. ಊರಿನಿಂದ ಜೋಳದ ಚೀಲ ಹೇರಿಕೊಂಡು ಹಿಂದಿರುಗುವಾಗ ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನಲ್ಲಿ ಐದನೆಯ ಗೇರಿನಲ್ಲಿ ತೇಲಿಕೊಂಡು ಬರಬೇಡಿ. ಅಲ್ಲಿ ಏನೇನಾಗಿದೆಯೆಂದು ಪುಣೆಯವರಿಗೆ ಹೇಳಬೇಕಾಗಿಲ್ಲ. ಮೂರನೆಯದರಲ್ಲಿ ಇಳಿಯಿರಿ.

ಮತ್ತೆ, ತಮ್ಮ ಬರಹದಲ್ಲಿ ಒಂದು ಮಾತು ನನಗೆ ಚುಚ್ಚಿತು. ಸ್ಟೆಪ್ನಿ ಇನ್ನೂ ಹಳೆಯ ಅಳತೆಯದೇ? ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರಾಗಿ ಅದನ್ನು ಹಾಕಿಕೊಂಡರೆ ಒಂದು ಕಡೆ 24.4, ಇನ್ನೊಂದು ಕಡೆ 22.9. ತಿರುವಿನಲ್ಲಿ ಮಾತ್ರ ದುಡಿಯಬೇಕಾದ ಡಿಫರೆನ್ಶಿಯಲ್ಲಿನ ಒಳಹಲ್ಲುಗಳು ನೇರ ರಸ್ತೆಯಲ್ಲಿಯೂ ಬಿಡುವಿಲ್ಲದೆ ಸುತ್ತುತ್ತವೆ. ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಸರಿ, ಮಿರಜದಿಂದ ಪುಣೆಯವರೆಗೆ ಭಾರದೊಂದಿಗೆ ಬಂದರೆ ಹಲ್ಲುಗಳು ಕಾದು ಸುಡುತ್ತವೆ.

ಉತ್ತರ: ಖಾರ್ಘರ್ ಲೆಕ್ಕಿಗ

ಸ್ಟೆಪ್ನಿಯ ಮಾತು ನನಗೂ ಹೊಳೆದಿರಲಿಲ್ಲ, ಒಪ್ಪಿದೆ. ಆದರೂ 265/70ಕ್ಕೆ ಇಳಿಯಿರಿ ಎಂಬ ನನ್ನ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ; ಈಗ ಮಾರದಿದ್ದರೂ ಈ ಟೈರುಗಳು ಸವೆದ ಮೇಲಾದರೂ ಇಳಿಯಿರಿ.

ಉತ್ತರ: ಅಥಣಿ-ಚಿಂಚವಡ

ನಿನ್ನೆ ಊರಿಗೆ ಬಂದು ತಲುಪಿದೆ. ಹಿಂದೆ ಆರು ನೂರೈವತ್ತು ಕಿಲೊ ಇತ್ತು, ಹೊರಡುವ ಮುಂಚೆ ವೇಬ್ರಿಡ್ಜಿನಲ್ಲಿ ತೂಗಿಸಿದ್ದೆ. ಖಂಬಾಟಕಿಯ ಬುಡದಲ್ಲಿಯೇ ಎರಡನೆಯ ಗೇರಿಗೆ ಇಳಿದು ಮೂವತ್ತೆಂಟರಿಂದ ನಲವತ್ತರ ನಡುವೆ ಏರಿದೆ. ಆರ್‌ಪಿಎಂ 2400ರ ಆಸುಪಾಸಿನಲ್ಲಿತ್ತು, ಶಾಖದ ಮುಳ್ಳು ಇದ್ದಲ್ಲಿಂದ ಅಲುಗಲಿಲ್ಲ, ಕ್ಲಚ್ಚನ್ನು ಒಮ್ಮೆಯೂ ಮುಟ್ಟಲಿಲ್ಲ. ಮೊದಲಿಗಿಂತ ಎರಡು ಮೂರು ನಿಮಿಷ ಹೆಚ್ಚು ಹಿಡಿದಿರಬಹುದು. ಸದ್ದು ಮಾತ್ರ ಇದೆ. ಪಕ್ಕದಲ್ಲಿ ಕುಳಿತಿದ್ದ ಅಪ್ಪ ಎರಡು ಸಲ 'ಗೇರು ಹಾಕೋ ತಮ್ಮಾ' ಎಂದರು.

ಗ್ಯಾರೇಜಿನವರಿಗೆ ಬೇಡವೆಂದು ತಿಳಿಸಿದ್ದೇನೆ. ಡಯಲ್ ಗೇಜು ಇದೆಯೇ ಎಂದು ಕೇಳಿದಾಗ, ನಮ್ಮ ಹುಡುಗರಿಗೆ ಕೈಯಲ್ಲಿಯೇ ಅಳತೆ ಗೊತ್ತು ಎಂದರು. ಅದೇ ಅಳತೆಯ ಐದನೆಯ ಟೈರಿಗೆ ಮಿರಜದ ಅಂಗಡಿಯಲ್ಲಿ ಮುಂಗಡ ಕೊಟ್ಟು ಬಂದಿದ್ದೇನೆ. ಬುಧವಾರ ಬರುತ್ತದಂತೆ, ಹಿಂದಿರುಗುವಾಗ ಹಾಕಿಸಿಕೊಂಡೇ ಹೊರಡುತ್ತೇನೆ.